ನಮ್ಮ ಗುಡ್ಡದ ಲೆಕ್ಕ

(ಕಲಿಕಾ ಕೇಂದ್ರದ ಅಕ್ಕಂದಿರ ಸಭೆಯಲ್ಲಿ ಆಡಿದ ಮಾತು)

ಅಕ್ಕಂದಿರೇ, ತಾಯಂದಿರೇ, ತಂಗಿಯರೇ,



ನಾವೆಲ್ಲ ಸೇರಿ ಅಕ್ಷರ ಕಲಿತೆವು. ಹೆಸರು ಬರೆದೆವು. ಬಸ್ಸಿನ ಬೋರ್ಡು ಓದಿದೆವು. ರೇಷನ್ ಕಾರ್ಡು ಓದಿದೆವು. ಪಹಣಿಯಲ್ಲಿ ಸರ್ವೆ ನಂಬರು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದೆವು. ಇವತ್ತು ಇನ್ನೊಂದು ಓದು ಕಲಿಯೋಣ. ಅದು ಚಿತ್ರದ ಓದು. ಆಕಾಶದಿಂದ ತೆಗೆದ ಚಿತ್ರದ ಓದು.

“ಆಕಾಶದ ಚಿತ್ರ ಕಟ್ಟಿಕೊಂಡು ನಮಗೇನಾಗಬೇಕು? ನಮ್ಮ ಹೊಲ, ನಮ್ಮ ನೀರು, ನಮ್ಮ ಕೂಲಿ ನೋಡಿಕೊಂಡರೆ ಸಾಕು” ಅಂತ ನೀವು ಹೇಳಬಹುದು. ಸರಿಯಾದ ಮಾತೇ. ಆದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಹೊಲ, ನೀರು, ಕೂಲಿ ಈ ಮೂರಕ್ಕೂ ಗುಡ್ಡದ ಜೊತೆ ನಂಟು ಇದೆ. ಗುಡ್ಡದ ಲೆಕ್ಕಕ್ಕೆ ಆಕಾಶದ ಚಿತ್ರದ ಜೊತೆ ನಂಟು ಇದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಲಾವಣಿ ಹಾಕಿದ ಗುಡ್ಡ

ಸಂಡೂರಿನ ಗುಡ್ಡ ನಮಗೆಲ್ಲ ಗೊತ್ತು. ಮಣ್ಣು ಕೆಂಪು. ಕಲ್ಲು ಭಾರ. ಆ ಕಲ್ಲಿನಲ್ಲಿ ಕಬ್ಬಿಣ ಇದೆ. ಕಬ್ಬಿಣ ಇರುವ ಕಲ್ಲಿಗೆ ಅದಿರು ಅಂತ ಹೆಸರು. ನಮ್ಮ ಕುಡುಗೋಲು, ಬಾಣಲೆ, ಬಸ್ಸು, ರೈಲು ಎಲ್ಲವೂ ಇಂಥ ಅದಿರಿನಿಂದಲೇ ಬಂದವು. ಗಣಿಯ ಕೂಲಿಯಿಂದ ಒಲೆ ಉರಿಯುವ ಮನೆಗಳೂ ನಮ್ಮಲ್ಲಿವೆ. ಹಾಗಾಗಿ ಗಣಿಯೇ ಬೇಡ ಅಂತ ನಾವು ಹೇಳುತ್ತಿಲ್ಲ. ಲೆಕ್ಕ ಬೇಕು ಅಂತ ಹೇಳುತ್ತಿದ್ದೇವೆ.

ಅದಿರು ಅಗೆಯಲು ಸರ್ಕಾರ ಗುತ್ತಿಗೆ ಕೊಡುತ್ತದೆ. ಹೊಲವನ್ನು ಲಾವಣಿಗೆ ಹಾಕಿದ ಹಾಗೆ ಅದು. ಇಷ್ಟು ಎಕರೆ, ಇಷ್ಟು ವರ್ಷ, ಇಲ್ಲಿಂದ ಇಲ್ಲಿಯವರೆಗೆ ಅಂತ ಕಾಗದದಲ್ಲಿ ಬರೆದಿರುತ್ತದೆ. ಜೊತೆಗೆ ಒಂದು ನಕ್ಷೆ ಇರುತ್ತದೆ. ಅಗೆದ ಅದಿರಿಗೆ ಸರ್ಕಾರಕ್ಕೆ ಹಣ ಕಟ್ಟಬೇಕು. ಅದಕ್ಕೆ ರಾಜಧನ ಅಂತ ಹೆಸರು.

ಈಗ ಒಂದು ಮಾತು ಕೇಳೋಣ. ನೀವು ಎರಡು ಎಕರೆ ಲಾವಣಿಗೆ ಕೊಟ್ಟಿದ್ದೀರಿ. ಆತ ಬದು ಒಡೆದು ಮೂರು ಎಕರೆ ಉಳುತ್ತಾನೆ. ನೀವು ಸುಮ್ಮನಿರುತ್ತೀರಾ? ಇಲ್ಲ. ಬದುವಿನ ಕಲ್ಲು ತೋರಿಸಿ ಕೇಳುತ್ತೀರಿ. ಹೊಲದಲ್ಲಿ ಬದು ಕಾಣುತ್ತದೆ. ಆದರೆ ಗುಡ್ಡದ ಮೇಲೆ, ಕಾಡಿನ ನಡುವೆ ಬದು ಎಲ್ಲಿ? ಗಣಿಯ ಗೆರೆ ಎಲ್ಲಿ ಮುಗಿಯಿತು, ಕಾಡಿನ ಗೆರೆ ಎಲ್ಲಿ ಶುರುವಾಯಿತು? ನಿಂತು ನೋಡಿದರೆ ಕಾಣುವುದಿಲ್ಲ.

ಹಿಂದೆ ಗುಡ್ಡದ ನಕ್ಷೆಯನ್ನು ಕಾಲಿನಿಂದಲೇ ಮಾಡಬೇಕಿತ್ತು. ರಾಬರ್ಟ್ ಬ್ರೂಸ್ ಫೂಟ್ ಅಂತ ಒಬ್ಬರು ಭೂವಿಜ್ಞಾನಿ ಇದ್ದರು. ಅವರು ಬಳ್ಳಾರಿ ಜಿಲ್ಲೆಯ ಕಲ್ಲು ಮಣ್ಣು ನೋಡುತ್ತಾ ತಿರುಗಿದರು. 1895ರಲ್ಲಿ ಅದರ ಬಗ್ಗೆ ಅವರ ಪುಸ್ತಕ ಬಂತು. ಆಗ ಬಂಡೆ ಒಡೆದು ನೋಡಬೇಕು, ದೂರ ಅಳೆಯಬೇಕು, ಕೈಯಿಂದ ಗೆರೆ ಎಳೆಯಬೇಕು. ಎಷ್ಟೋ ಹಳೆಯ ಗುತ್ತಿಗೆಗಳ ನಕ್ಷೆಯೂ ಕೈಯಿಂದ ಬರೆದದ್ದೇ. ಇಂಥ ಕಲ್ಲಿನಿಂದ ಇಷ್ಟು ದೂರ ಅಂತ ಅದರಲ್ಲಿ ಬರೆದಿರುತ್ತದೆ. ಆ ಕಲ್ಲೇ ಕಳೆದುಹೋದರೆ? ಗೆರೆಯೂ ಹೋಯಿತು.

ಕೆಂಪು ಧೂಳಿನ ವರ್ಷಗಳು

2003ರ ನಂತರ ಹೊರದೇಶದಲ್ಲಿ ಅದಿರಿಗೆ ಬೆಲೆ ಬಂತು. ಚೀನಾ ದೇಶ ಬಹಳ ಅದಿರು ಕೊಂಡಿತು. ನಮ್ಮ ರಸ್ತೆಯ ಮೇಲೆ ಹಗಲು ರಾತ್ರಿ ಲಾರಿ. ಜೋಳದ ಗರಿಯ ಮೇಲೆ ಕೆಂಪು ಧೂಳು. ಒಣಹಾಕಿದ ಬಟ್ಟೆಯ ಮೇಲೆ ಧೂಳು. ಮುಚ್ಚಿಟ್ಟ ಕೊಡದ ನೀರಿನಲ್ಲೂ ಧೂಳು. ಇದು ನಿಮಗೆ ನಾವು ಹೇಳಬೇಕಾಗಿಲ್ಲ.

ಗುತ್ತಿಗೆಯ ಗೆರೆ ದಾಟಿ ಅಗೆಯುತ್ತಿದ್ದಾರೆ ಅಂತ ದೂರು ಬಂತು. ಕರ್ನಾಟಕದ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ತನಿಖೆ ಮಾಡಿದರು. 2008ರಲ್ಲಿ ಒಂದು ವರದಿ, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು.

ನಿಲ್ಲಿಸಿದ್ದಾಯಿತು. ಆದರೆ ಯಾರು ಗೆರೆ ದಾಟಿದ್ದಾರೆ, ಎಷ್ಟು ದಾಟಿದ್ದಾರೆ? ಬಾಯಿ ಮಾತಿನಿಂದ ಇದು ತೀರುವುದಿಲ್ಲ. ಅಳತೆ ಬೇಕು. ಸಾಕ್ಷಿ ಬೇಕು. ಇಲ್ಲೇ ಆಕಾಶದ ಕಣ್ಣಿನ ಮಾತು ಬರುತ್ತದೆ.

ಆಕಾಶದಲ್ಲಿ ತಿರುಗುವ ಕಣ್ಣು

ಉಪಗ್ರಹ ಅಂದರೆ ಏನು? ಮನುಷ್ಯರು ಮಾಡಿದ ಯಂತ್ರ. ರಾಕೆಟ್‌ನಲ್ಲಿ ಇಟ್ಟು ಮೇಲೆ ಕಳಿಸುತ್ತಾರೆ. ಅದು ಭೂಮಿಯ ಸುತ್ತ ತಿರುಗುತ್ತದೆ. ಟಿ.ವಿ.ಗೆ, ಫೋನಿಗೆ ಬೇರೆ ಉಪಗ್ರಹ ಇವೆ. ನೆಲವನ್ನು ನೋಡಲಿಕ್ಕೇ ಕೆಲವು ಉಪಗ್ರಹ ಇವೆ. ಅವು ಸುಮಾರು 600ರಿಂದ 900 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಸುಮಾರು ನೂರು ನಿಮಿಷದಲ್ಲಿ ಭೂಮಿಗೆ ಒಂದು ಸುತ್ತು ಹಾಕುತ್ತವೆ. ಕೆಲವು ದಿನ ಬಿಟ್ಟು ಮತ್ತೆ ನಮ್ಮ ಊರಿನ ಮೇಲೆ ಬರುತ್ತವೆ.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ. 1975ರಲ್ಲಿ ಮೇಲೆ ಹೋಯಿತು. ಅದನ್ನು ಮಾಡಿದವರ ಮುಂದಾಳು ಯು.ಆರ್. ರಾವ್. ಅವರು ನಮ್ಮ ಉಡುಪಿ ಕಡೆಯವರು. ನೆಲದ ಸಂಪತ್ತನ್ನು ನೋಡಲಿಕ್ಕೆ ಮಾಡಿದ ಐ.ಆರ್.ಎಸ್.-1ಎ ಎಂಬ ಉಪಗ್ರಹ 1988ರ ಮಾರ್ಚ್ 17ರಂದು ಹೋಯಿತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೋಸ್ಯಾಟ್-1 ಹೋಯಿತು. ಆಮೇಲೆ ಇನ್ನೂ ಅನೇಕ ಹೋಗಿವೆ.

ಕಸೂತಿಯ ಹಾಗೆ ಚಿತ್ರ

ಉಪಗ್ರಹದ ಚಿತ್ರ ಕಸೂತಿ ಇದ್ದ ಹಾಗೆ. ಕಸೂತಿಯಲ್ಲಿ ನಾವು ಎಳೆ ಎಣಿಸಿ ಹಾಕುತ್ತೇವೆ. ಮನೆ ಮನೆ ಎಣಿಸಿದರೆ ಗೋಪುರ ಆಗುತ್ತದೆ, ತೇರು ಆಗುತ್ತದೆ. ಈ ಚಿತ್ರವೂ ಚೌಕದ ಮನೆಗಳಿಂದ ಆದದ್ದು. ಒಂದೊಂದು ಮನೆಗೆ ಒಂದೊಂದು ಬಣ್ಣ. ಮನೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ.

1988ರ ಉಪಗ್ರಹದ ಒಳ್ಳೆಯ ಚಿತ್ರದಲ್ಲಿ ಒಂದು ಮನೆ ಅಂದರೆ ನೆಲದ ಮೇಲೆ ಸುಮಾರು 36 ಮೀಟರ್ ಉದ್ದ, 36 ಮೀಟರ್ ಅಗಲ. ಅಂದರೆ ಸುಮಾರು 13 ಗುಂಟೆ. ಅದಕ್ಕಿಂತ ಸಣ್ಣದು ಅದರಲ್ಲಿ ಬೇರೆಯಾಗಿ ಕಾಣದು. 2005ರ ಕಾರ್ಟೋಸ್ಯಾಟ್ ಚಿತ್ರದಲ್ಲಿ ಒಂದು ಮನೆ ಅಂದರೆ ಎರಡೂವರೆ ಮೀಟರ್. ಒಂದು ಗುಂಟೆ ಜಾಗದಲ್ಲಿ ಅಂಥ 16 ಮನೆ ಹಿಡಿಯುತ್ತವೆ. ಗಣಿಯ ಗುಂಡಿ, ಹೊಸ ರಸ್ತೆ, ಮಣ್ಣಿನ ಗುಡ್ಡೆ ಎಲ್ಲ ಕಾಣುತ್ತವೆ. ಇವತ್ತು ಇನ್ನೂ ಸ್ಪಷ್ಟವಾದ ಚಿತ್ರಗಳು ಬಂದಿವೆ.

“ನಾವು ಅಂಗಳದಲ್ಲಿ ಕೂತಿದ್ದೂ ಕಾಣುತ್ತದೇನು?” ಅಂತ ಹೆದರಬೇಡಿ. ಈ ಚಿತ್ರದಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಇನ್ನೊಂದು ಸೋಜಿಗ ಇದೆ. ಹಸಿರು ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಬಹಳವಾಗಿ ಹೊರಗೆ ಚೆಲ್ಲುತ್ತದೆ. ಉಪಗ್ರಹದ ಕಣ್ಣಿಗೆ ಅದು ಕಾಣುತ್ತದೆ. ಚಿತ್ರ ಮಾಡುವವರು ಆ ಬೆಳಕಿಗೆ ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಆ ಚಿತ್ರದಲ್ಲಿ ನಮ್ಮ ಹಸಿರು ಕಾಡು ಕೆಂಪಗೆ ಕಾಣುತ್ತದೆ. ಅಗೆದ ಬೋಳು ನೆಲ ಅಷ್ಟು ಕೆಂಪಾಗಿ ಕಾಣುವುದಿಲ್ಲ. ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಕಾಡಿನ ನಡುವೆ ಹೊಸ ಗುಂಡಿ ಬಿದ್ದರೆ ಸೀರೆಯಲ್ಲಿ ತೂತು ಬಿದ್ದ ಹಾಗೆ ಎದ್ದು ಕಾಣುತ್ತದೆ.

ಎಣ್ಣೆ ಕಾಗದದ ಉಪಾಯ

ಬರೀ ಚಿತ್ರ ಇದ್ದರೆ ಸಾಲದು. ಗುಂಡಿ ಕಂಡಿತು. ಅದು ಗೆರೆಯ ಒಳಗೋ ಹೊರಗೋ? ಇದನ್ನು ತಿಳಿಯಲು ಕಂಪ್ಯೂಟರಿನಲ್ಲಿ ಒಂದು ಉಪಾಯ ಇದೆ. ಅದಕ್ಕೆ ಜಿ.ಐ.ಎಸ್. ಅಂತ ಹೆಸರು. ನಾವು ನಕ್ಷೆಯ ತಂತ್ರಾಂಶ ಅಂತ ಕರೆಯೋಣ.

ಹೊಲಿಗೆಗೆ ಹೂವಿನ ಚಿತ್ರ ಇಳಿಸುವಾಗ ಎಣ್ಣೆ ಕಾಗದ ಬಳಸುತ್ತೀರಲ್ಲ? ಕೆಳಗಿನ ಚಿತ್ರ ಮೇಲಿನ ಕಾಗದದಲ್ಲಿ ಕಾಣುತ್ತದೆ. ಈ ತಂತ್ರಾಂಶವೂ ಹಾಗೆಯೇ. ಮೊದಲ ಹಾಳೆಯ ಮೇಲೆ ಊರು, ಸರ್ವೆ ನಂಬರು. ಎರಡನೇ ಹಾಳೆಯ ಮೇಲೆ ಕಾಡಿನ ಗೆರೆ. ಮೂರನೇ ಹಾಳೆಯ ಮೇಲೆ ಗಣಿ ಗುತ್ತಿಗೆಯ ಗೆರೆ. ನಾಲ್ಕನೆಯದು ಹಳ್ಳ, ಕೆರೆ, ಬಾವಿ. ಎಲ್ಲದರ ಕೆಳಗೆ ಉಪಗ್ರಹದ ಚಿತ್ರ. ಒಂದರ ಮೇಲೆ ಒಂದು ಇಟ್ಟರೆ ಗುಂಡಿ ಯಾರ ಗೆರೆಯಲ್ಲಿದೆ ಅಂತ ಕಾಣುತ್ತದೆ.

ಈ ನಕ್ಷೆಗೆ ಒಂದು ಗುಣ ಇದೆ. ಅದರ ಹಿಂದೆ ದಫ್ತರ ಇರುತ್ತದೆ. ಗುತ್ತಿಗೆಯ ಗೆರೆಯನ್ನು ಮುಟ್ಟಿದರೆ ಪಟ್ಟಿ ತೆರೆಯುತ್ತದೆ. ಗುತ್ತಿಗೆ ಯಾರದು? ಎಷ್ಟು ಎಕರೆ? ಯಾವ ವರ್ಷದವರೆಗೆ? ಎಷ್ಟು ಅದಿರು ತೆಗೆಯಬಹುದು? ಎಷ್ಟು ರಾಜಧನ ಕಟ್ಟಿದ್ದಾರೆ? ಮೊದಲು ಇವೆಲ್ಲ ಬೇರೆ ಬೇರೆ ಕಚೇರಿಯ ಬೇರೆ ಬೇರೆ ಕಪಾಟಿನಲ್ಲಿ ಇದ್ದವು. ಅರಣ್ಯ ಇಲಾಖೆಯ ನಕ್ಷೆ ಒಂದು ಹೇಳಿದರೆ, ಕಂದಾಯ ಇಲಾಖೆಯ ನಕ್ಷೆ ಇನ್ನೊಂದು ಹೇಳುತ್ತಿತ್ತು. ಒಂದರ ಮೇಲೊಂದು ಇಟ್ಟಾಗ ಎಲ್ಲಿ ಹೊಂದುವುದಿಲ್ಲ ಅಂತ ಗೊತ್ತಾಗುತ್ತದೆ.

ತಾರೀಖು ಕೂಡ ಮುಖ್ಯ. 2005ರ ಚಿತ್ರ, 2010ರ ಚಿತ್ರ ಪಕ್ಕಪಕ್ಕ ಇಟ್ಟರೆ ನಡುವೆ ಏನಾಯಿತು ಅಂತ ತಿಳಿಯುತ್ತದೆ. ಗುಂಡಿ ಮುಚ್ಚಿ ಗಿಡ ನೆಟ್ಟರೂ ಹಳೆಯ ಚಿತ್ರ ಹಾಗೆಯೇ ಉಳಿದಿರುತ್ತದೆ.

ಹಗೇವಿನ ಲೆಕ್ಕ

ಹಗೇವು ನೋಡಿದ್ದೀರಲ್ಲ? ಜೋಳ ತುಂಬಿಡುವ ನೆಲದ ಗುಂಡಿ. ಎಷ್ಟು ಜೋಳ ತೆಗೆದಿದ್ದಾರೆ ಅಂತ ಹೇಗೆ ತಿಳಿಯುವುದು? ಗುಂಡಿ ಎಷ್ಟು ಖಾಲಿಯಾಗಿದೆ ಅಂತ ಅಳೆದರೆ ಸಾಕು. ಗಣಿಯ ಲೆಕ್ಕವೂ ಹಾಗೆಯೇ.

ಆದರೆ ಮೇಲಿಂದ ನೋಡಿದರೆ ಆಳ ಹೇಗೆ ಗೊತ್ತಾಗುತ್ತದೆ? ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ. ಕಷ್ಟ. ಎರಡು ಕಣ್ಣು ಇದ್ದರೆ ದೂರ, ಹತ್ತಿರ ತಿಳಿಯುತ್ತದೆ. ಕಾರ್ಟೋಸ್ಯಾಟ್-1ಕ್ಕೆ ಎರಡು ಕ್ಯಾಮೆರಾ ಇದ್ದವು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿ ನೋಡುತ್ತಿದ್ದವು. ಎರಡು ಚಿತ್ರ ಸೇರಿಸಿದರೆ ಗುಡ್ಡದ ಎತ್ತರ, ಗುಂಡಿಯ ಆಳ ಸಿಗುತ್ತಿತ್ತು. ಈಗ ಡ್ರೋನ್ ಹಾರಿಸಿಯೂ ಅಳೆಯುತ್ತಾರೆ.

ಒಂದು ಲೆಕ್ಕ ಮಾಡೋಣ. ಇದು ಕಲಿಯಲಿಕ್ಕೆ ಹಾಕಿಕೊಂಡ ಲೆಕ್ಕ.

ಗುಂಡಿ 100 ಮೀಟರ್ ಉದ್ದ, 50 ಮೀಟರ್ ಅಗಲ, 10 ಮೀಟರ್ ಆಳ ಇದೆ. ಗುಣಿಸಿದರೆ 50,000 ಘನ ಮೀಟರ್. ಅದರಲ್ಲಿ ಅರ್ಧ ಬರೀ ಮಣ್ಣು ಕಲ್ಲು ಅಂತ ಇಟ್ಟುಕೊಳ್ಳೋಣ. ಉಳಿದದ್ದು 25,000 ಘನ ಮೀಟರ್ ಅದಿರು. ಒಂದು ಘನ ಮೀಟರ್ ಅದಿರು 3 ಟನ್ ತೂಗಿದರೆ ಒಟ್ಟು 75,000 ಟನ್. ಲಾರಿಗೆ ಕೊಟ್ಟ ಪರವಾನಗಿ ಚೀಟಿಗಳನ್ನು ಕೂಡಿಸಿದರೆ 50,000 ಟನ್ ಮಾತ್ರ ಇದೆ. ಉಳಿದ 25,000 ಟನ್ ಎಲ್ಲಿ ಹೋಯಿತು? ಒಂದು ಲಾರಿಗೆ 25 ಟನ್ ಅಂದರೆ ಸಾವಿರ ಲಾರಿ!

ನೋಡಿದಿರಾ? ನಾವು ಕಲಿತ ಗುಣಾಕಾರ, ಭಾಗಾಕಾರ ಇಷ್ಟು ದೊಡ್ಡ ಪ್ರಶ್ನೆ ಕೇಳುತ್ತದೆ.

ಅಳತೆಯಿಂದ ಏನಾಯಿತು?

ಈಗ ಸುಪ್ರೀಂ ಕೋರ್ಟಿನ ಕಥೆಗೆ ಮರಳೋಣ. ಗೆರೆ ಅಳೆಯಲು 2011ರಲ್ಲಿ ಕೋರ್ಟು ಒಂದು ಜಂಟಿ ತಂಡ ಮಾಡಿಸಿತು. ಅದರಲ್ಲಿ ಬೇರೆ ಬೇರೆ ಇಲಾಖೆಯವರು ಇದ್ದರು. ಗುಡ್ಡ ಹತ್ತಿ ಯಂತ್ರ ಇಟ್ಟು ಅಳೆದರು. ಉಪಗ್ರಹದಿಂದ ಸ್ಥಳ ಗುರುತಿಸುವ ಯಂತ್ರವೂ ಇತ್ತು. ಉಪಗ್ರಹ ಚಿತ್ರದ ನೆರವೂ ಇತ್ತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಮೂರು ಗುಂಪು ಮಾಡಿದರು. ತಪ್ಪು ಇಲ್ಲದ ಅಥವಾ ತೀರಾ ಅಲ್ಪ ತಪ್ಪಿನ ಗುಂಪು ‘ಎ’. ಅದರಲ್ಲಿ 45. ಗೆರೆಯನ್ನು ಸ್ವಲ್ಪ ದಾಟಿದ ಗುಂಪು ‘ಬಿ’. ಅದರಲ್ಲಿ 72. ಬಹಳ ದಾಟಿದ ಗುಂಪು ‘ಸಿ’. ಅದರಲ್ಲಿ 49.

2013ರ ಏಪ್ರಿಲ್ 18ರಂದು ಕೋರ್ಟು ತೀರ್ಪು ಕೊಟ್ಟಿತು. ‘ಸಿ’ ಗುಂಪಿನ ಗುತ್ತಿಗೆಗಳು ರದ್ದಾದವು. ‘ಬಿ’ ಗುಂಪಿನವರು ದಂಡದ ಹಣ ಕಟ್ಟಬೇಕಾಯಿತು. ಗೆರೆ ದಾಟಿ ಗುಂಡಿ ತೋಡಿದ್ದರೆ ಒಂದು ಹೆಕ್ಟೇರಿಗೆ 5 ಕೋಟಿ ರೂಪಾಯಿ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನೂ ಮಾಡಬೇಕಾಯಿತು. ಮೂರು ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಾತ್ರ ಅಗೆಯಬೇಕು ಅಂತ ಮಿತಿ ಬಂತು. ಆ ಮಿತಿಯನ್ನು ಆಮೇಲೆ ಏರಿಸಿದರು. 2022ರಲ್ಲಿ ಅದು 5 ಕೋಟಿ ಟನ್ ಆಯಿತು. ಮಿತಿ ಏರಿದಾಗ ಗುಂಡಿಯೂ ಬೆಳೆಯುತ್ತದೆ, ಲಾರಿಯೂ ಹೆಚ್ಚುತ್ತದೆ. ಹಾಗಾಗಿ ಲೆಕ್ಕ ಮುಗಿದಿಲ್ಲ. ನೋಡುತ್ತಲೇ ಇರಬೇಕು.

ಕಣ್ಣು ಮೇಲೆ, ಕಾಲು ನೆಲದ ಮೇಲೆ

2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗಣಿ ಕಣ್ಗಾವಲು ವ್ಯವಸ್ಥೆ ಶುರುಮಾಡಿತು. ಭಾರತೀಯ ಗಣಿ ಬ್ಯೂರೋ ಮತ್ತು ಗಾಂಧಿನಗರದ ಭಾಸ್ಕರಾಚಾರ್ಯ ಸಂಸ್ಥೆ ಸೇರಿ ಇದನ್ನು ಮಾಡಿದವು. ಗುತ್ತಿಗೆಯ ಗೆರೆಯ ಹೊರಗೆ ಅರ್ಧ ಕಿಲೋಮೀಟರ್‌ವರೆಗೆ ಉಪಗ್ರಹದ ಚಿತ್ರ ನೋಡುತ್ತಾರೆ. ನೆಲದ ಬಣ್ಣ, ಆಕಾರ ಬದಲಾದರೆ ಕಂಪ್ಯೂಟರ್ ಎಚ್ಚರಿಕೆ ಕೊಡುತ್ತದೆ. ಅದು ಆ ರಾಜ್ಯದ ಅಧಿಕಾರಿಗಳಿಗೆ ಹೋಗುತ್ತದೆ. ಅವರು ಸ್ಥಳಕ್ಕೆ ಹೋಗಿ ನೋಡಬೇಕು.

ಮೊದಲ ಸುತ್ತಿನಲ್ಲಿ ಇಡೀ ದೇಶದಲ್ಲಿ 296 ಕಡೆ ಎಚ್ಚರಿಕೆ ಬಂತು. ಹೋಗಿ ನೋಡಿದಾಗ ಅಕ್ರಮ ಗಣಿ ಅಂತ ಕಂಡದ್ದು 50ಕ್ಕಿಂತ ಕಡಿಮೆ ಕಡೆ. ಇದರಿಂದ ನಾವು ಏನು ತಿಳಿಯಬೇಕು? ಮೇಲಿನ ಕಣ್ಣಿಗೆ ನೆಲ ಬದಲಾದದ್ದು ಕಾಣುತ್ತದೆ. ಯಾಕೆ ಬದಲಾಯಿತು ಅಂತ ಕಾಣುವುದಿಲ್ಲ. ಯಾರು ಮಾಡಿದರು ಅಂತ ಕಾಣುವುದಿಲ್ಲ. ಕೆರೆ ಹೂಳೆತ್ತಿದರೂ ನೆಲ ಬದಲಾಗುತ್ತದೆ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಸಾಮಾನ್ಯ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಬಾವಿಯ ನೀರಿನ ರುಚಿ ಕೆಟ್ಟರೆ, ಮಗು ಕೆಮ್ಮಿದರೆ ಅದಂತೂ ಯಾವ ಉಪಗ್ರಹಕ್ಕೂ ಕಾಣದು.

ಅದು ಯಾರಿಗೆ ಗೊತ್ತು? ನಮಗೆ ಗೊತ್ತು. ಸೌದೆಗೆ ಹೋಗುವವರು ನಾವು. ನೀರಿಗೆ ಹೋಗುವವರು ನಾವು. ದನ ಕಾಯುವವರು ನಾವು. ಹಳ್ಳದ ದಾರಿಗೆ ಮಣ್ಣು ಸುರಿದರೆ ಮೊದಲು ನೋಡುವುದು ನಾವೇ. ಆದರೆ ಇಷ್ಟು ದಿನ ನೋಡಿದ್ದು ಬಾಯಿಮಾತಿನಲ್ಲೇ ಉಳಿಯಿತು. ಈಗ ಬರೆಯಲು ಬರುತ್ತದೆ. ತಾರೀಖು ಹಾಕಿ ಬರೆದ ಮಾತು, ತಾರೀಖು ಇರುವ ಚಿತ್ರದ ಜೊತೆ ಕೂತರೆ ಅದು ಸಾಕ್ಷಿ ಆಗುತ್ತದೆ.

ನಾವೇನು ಮಾಡಬಹುದು?

ಒಂದು. ಸಂಘದಲ್ಲಿ ಒಂದು ನೋಟ್‌ಬುಕ್ ಇಡೋಣ. ಯಾವ ದಿನ, ಯಾವ ಜಾಗ, ಸರ್ವೆ ನಂಬರು ಎಷ್ಟು, ಏನು ಕಂಡಿತು ಅಂತ ಬರೆಯೋಣ. ಕಂಡದ್ದನ್ನು ಮಾತ್ರ ಬರೆಯೋಣ. ಕೇಳಿದ ಸುದ್ದಿ ಬೇಡ.

ಎರಡು. 2005ರ ಮಾಹಿತಿ ಹಕ್ಕು ಕಾಯ್ದೆ ನಮಗೂ ಇದೆ. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳೋಣ. ಹೀಗೆ ಬರೆದರೆ ಸಾಕು: “ನಮ್ಮ ಗ್ರಾಮದ ಸರ್ವೆ ನಂಬರ್ ಇಂಥದರ ಪಕ್ಕದಲ್ಲಿರುವ ಗಣಿ ಗುತ್ತಿಗೆಯ ನಕ್ಷೆಯ ಪ್ರತಿ ಕೊಡಿ.” ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯ ನಕಲು ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಮೂರು. ಗಣಿಯ ಹಣದಲ್ಲಿ ನಮ್ಮ ಊರಿಗೂ ಪಾಲು ಇದೆ. 2015ರಲ್ಲಿ ಕಾನೂನು ತಿದ್ದಿ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಗಣಿಯವರು ರಾಜಧನದ ಜೊತೆಗೆ ಇದಕ್ಕೂ ಹಣ ಕಟ್ಟಬೇಕು. 2024ರ ಮಾರ್ಗಸೂಚಿಯ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನ ಪ್ರದೇಶ ನೇರವಾಗಿ ಬಾಧೆಗೊಂಡ ಪ್ರದೇಶ. ಹಣದಲ್ಲಿ ನೂರಕ್ಕೆ 70ರಷ್ಟಾದರೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಹೆಂಗಸರು ಮಕ್ಕಳ ಏಳಿಗೆಯಂಥ ಕೆಲಸಕ್ಕೆ ಹೋಗಬೇಕು.

ಇಲ್ಲೂ ನಕ್ಷೆಯೇ ಬಂತು ನೋಡಿ. 15 ಕಿಲೋಮೀಟರಿನ ಗೆರೆಯ ಒಳಗೆ ನಮ್ಮ ಊರು ಇದೆಯಾ? ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಇದೆಯಾ? ನಮ್ಮ ಊರಿಗೆ ಎಷ್ಟು ಹಣ ಬಂತು? ಯಾವ ಕೆಲಸಕ್ಕೆ ಹೋಯಿತು? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಒಬ್ಬರೇ ಕೇಳಲು ಅಂಜಿಕೆಯಾದರೆ ಹತ್ತು ಜನ ಸೇರಿ ಕೇಳೋಣ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ಓದಿ ನೋಡೋಣ. ಓದಿದ ಮೇಲೇ ಸಹಿ ಹಾಕೋಣ.

ಅಕ್ಕಂದಿರೇ, ಒಮ್ಮೆ ತೆಗೆದ ಅದಿರು ಮತ್ತೆ ಬೆಳೆಯುವುದಿಲ್ಲ. ಜೋಳ ಕೊಯ್ದರೆ ಮುಂದಿನ ವರ್ಷ ಬಿತ್ತಬಹುದು. ಅದಿರಿಗೆ ಮುಂದಿನ ಹಂಗಾಮು ಇಲ್ಲ. ಅದಕ್ಕೇ ಅದರ ಲೆಕ್ಕ ಬಿಗಿಯಾಗಿ ಇರಬೇಕು. ಆಕಾಶದ ಕಣ್ಣು ನೋಡಲಿ. ಕಂಪ್ಯೂಟರ್ ಗೆರೆ ಎಳೆಯಲಿ. ಆ ಗೆರೆ ಓದಿ ಪ್ರಶ್ನೆ ಕೇಳುವ ಕೆಲಸ ನಮ್ಮದು.

 

ಕೂಡಿ ಮಾತಾಡೋಣ

1. ಗಣಿ ಗುತ್ತಿಗೆ ಮತ್ತು ಹೊಲದ ಲಾವಣಿ ಇವುಗಳಲ್ಲಿ ಯಾವುದು ಒಂದೇ, ಯಾವುದು ಬೇರೆ?
2. ಉಪಗ್ರಹಕ್ಕೆ ಕಾಣುವುದು ಏನು? ಕಾಣದಿರುವುದು ಏನು?
3. ಗುಂಡಿ 60 ಮೀಟರ್ ಉದ್ದ, 20 ಮೀಟರ್ ಅಗಲ, 5 ಮೀಟರ್ ಆಳ ಇದ್ದರೆ ಒಟ್ಟು ಎಷ್ಟು ಘನ ಮೀಟರ್?
4. ನಿಮ್ಮ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿಯಲ್ಲಿ ಬರೆಯಿರಿ. ಕೆರೆ, ಹಳ್ಳ, ಬಾವಿ, ಶಾಲೆ, ಗುಡ್ಡ ಗುರುತು ಮಾಡಿ.
5. ನಿಮ್ಮ ಸಂಘದ ಹೆಸರಿನಲ್ಲಿ ಒಂದು ಮಾಹಿತಿ ಅರ್ಜಿ ಬರೆದು ಎಲ್ಲರಿಗೂ ಓದಿ ಹೇಳಿ. ಕಚೇರಿಗೆ ಕಳಿಸುವಾಗ ನಿಮ್ಮಲ್ಲಿ ಒಬ್ಬರು ತಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕಿ.